ತ್ಯಾವಣಿಗೆಯ ಶೆಡ್ಡಿನಲ್ಲಿ ಒಂದು ಯೆಜ್ಡಿ

ಚನ್ನಗಿರಿ ತಾಲ್ಲೂಕಿಗೆ ಬರುವ ಪ್ರವಾಸಿಗರು ಸೂಳೆಕೆರೆಯ ಏರಿಯ ಮೇಲೆ ನಿಂತು ಗಾಳಿ ಸವಿಯುತ್ತಾರೆ, ಸಂತೆಬೆನ್ನೂರಿನ ಪುಷ್ಕರಣಿಯ ಮೆಟ್ಟಿಲಿಳಿಯುತ್ತಾರೆ. ತ್ಯಾವಣಿಗೆಯನ್ನು ನೋಡಬೇಕೆಂದೇ ಬರುವವರು ಕಡಿಮೆ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ, ಗೊಬ್ಬರದ ಅಂಗಡಿ, ಚಹಾದಂಗಡಿ... ಈ ಸೀಮೆಯ ಯಾವುದೇ ದೊಡ್ಡ ಹಳ್ಳಿಯಂತೆ ಇದೂ ಒಂದು. ಆದರೆ ಹಳೆಯ ಬೈಕು ಇಟ್ಟುಕೊಂಡ ಸುತ್ತಲಿನ ರೈತರಿಗೆ ಇಲ್ಲಿನ ತಗಡಿನ ಶೆಡ್ಡೊಂದು ಚೆನ್ನಾಗಿ ಗೊತ್ತು.

ನಾಲೆಗೆ ನೀರು ಬಿಟ್ಟಿದ್ದ ದಿನಗಳಲ್ಲಿ ಆ ಶೆಡ್ಡಿಗೆ ಒಂದು ಯೆಜ್ಡಿ 250 ಬಂತು. ಓಡಿಸಿಕೊಂಡಲ್ಲ, ತಳ್ಳಿಕೊಂಡು. ಐವತ್ತು ದಾಟಿದ ಅದರ ಒಡೆಯನ ತಂದೆ ಅಡಿಕೆ ದುಡ್ಡಿನಲ್ಲಿ ಕೊಂಡ ಗಾಡಿ ಅದು. ಈಗ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಹೊರಡುತ್ತದೆ. ನಾಲ್ಕು ಮೈಲಿ ಹೋದ ಮೇಲೆ ನಿಲ್ಲಿಸಿದರೆ ಒಮ್ಮೆ ತಾನಾಗಿಯೇ ಕಿರುಚುತ್ತದೆ, ಇನ್ನೊಮ್ಮೆ ಸತ್ತು ಹೋಗುತ್ತದೆ. ಪೇಟೆಯಲ್ಲಿ ಇಬ್ಬರು ‘ಬೋರ್ ಮಾಡಿಸಬೇಕು’ ಎಂದಿದ್ದರು. ಬೆಂಗಳೂರಿನಿಂದ ಬಂದವನೊಬ್ಬ ‘ಇದ್ದ ಹಾಗೇ ಎಂಬತ್ತು ಸಾವಿರ ಕೊಡ್ತೀನಿ’ ಎಂದು ಫೋನ್ ನಂಬರ್ ಬಿಟ್ಟು ಹೋಗಿದ್ದ. ಭಾನುವಾರದೊಳಗೆ ಹೇಳಬೇಕಿತ್ತು.

ಯೆಜ್ಡಿ ಕನ್ನಡ ನೆಲದ ಗಾಡಿ. ಚೆಕ್ ದೇಶದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಕಂಪನಿಯ ಬೈಕುಗಳನ್ನು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿತು. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಕಡ್ಡಿ ಕಿಕ್ಕರೂ ಹೌದು, ಗೇರೂ ಹೌದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಳೆದ ಕೆಲವು ವರ್ಷಗಳಲ್ಲಿ ಆ ಎರಡೂ ಹೆಸರುಗಳಲ್ಲಿ ಹೊಸ ಬೈಕುಗಳು ಬಂದಿವೆ. ಅವು ಫೋರ್ ಸ್ಟ್ರೋಕ್, ಈ ಕಥೆಗೆ ಸಂಬಂಧವಿಲ್ಲ.

‘ಬೋರ್ ಆಮೇಲೆ ನೋಡಣ ಗೌಡ್ರೆ, ಮೊದ್ಲು ಉಸಿರಾಟ ನೋಡಣ’ ಎಂದ ಮೆಕ್ಯಾನಿಕ್, ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬೊರೇಟರ್ ಕೆಳಗಿಳಿಸಿದ. ಬಟ್ಟಲಿನ ತಳದಲ್ಲಿ ತುಕ್ಕಿನ ಪುಡಿ, ನಾಲ್ಕಾರು ಹನಿ ನೀರು. ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು, ಒಂದು ಕಣ ಕೂತರೂ ಸಾಕು. ಹಲವರು ಅದಕ್ಕೆ ತಂತಿ ಚುಚ್ಚುತ್ತಾರೆ. ಹಿತ್ತಾಳೆ ಸವೆದು ತೂತು ಹಿಗ್ಗಿದರೆ ಮತ್ತೆ ಕುಗ್ಗಿಸುವವರು ಯಾರೂ ಇಲ್ಲ. ಈತ ಪೆಟ್ರೋಲಿನಲ್ಲಿ ನೆನೆಸಿ, ಪಂಪಿನಿಂದ ಗಾಳಿ ಊದಿ, ಬಿಸಿಲಿಗೆ ಹಿಡಿದು ನೋಡಿದ. ಪ್ಲಗ್ಗು ಬಿಚ್ಚಿದಾಗ ಮುಖ ಗಂಭೀರವಾಯಿತು. ಬಿಸ್ಕತ್ತಿನ ಬಣ್ಣವಿರಬೇಕಾದ ಪಿಂಗಾಣಿ ಸುಣ್ಣದಂತೆ ಬೆಳ್ಳಗಿತ್ತು.

ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಸ್ವಲ್ಪ ಹೆಚ್ಚಾದರೆ ಎಂಜಿನ್ ಕಾಯುತ್ತದೆ. ಟೂ ಸ್ಟ್ರೋಕಿನಲ್ಲಿ ಅಪಾಯ ಇಮ್ಮಡಿ. ಇದರಲ್ಲಿ ಆಯಿಲ್ ಪೆಟ್ರೋಲಿನೊಂದಿಗೇ ಬೆರೆತು ಹೋಗುವುದರಿಂದ, ಪೆಟ್ರೋಲ್ ಕಡಿಮೆಯಾದಷ್ಟೂ ಪಿಸ್ಟನ್ನಿಗೆ ಆಯಿಲೂ ಕಡಿಮೆ. ಅದೇ ಸ್ಥಿತಿಯಲ್ಲಿ ದಾವಣಗೆರೆಯವರೆಗೆ ಓಡಿಸಿದ್ದರೆ ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದು, ಹಿಂದಿನ ಚಕ್ರ ನಡುರಸ್ತೆಯಲ್ಲಿ ಕಚ್ಚಿ ನಿಲ್ಲಬಹುದಿತ್ತು.

ಆ ಹೆಚ್ಚಿನ ಗಾಳಿ ಎಲ್ಲಿಂದ? ಕಾರ್ಬೊರೇಟರ್ ಜೋಡಿಸಿ ಸ್ಟಾರ್ಟ್ ಮಾಡಿ, ಅದು ಸಿಲಿಂಡರಿಗೆ ಕೂಡುವ ಸಂದಿಗೆ ಸೋಪಿನ ನೀರು ಬಿಟ್ಟ. ಸದ್ದು ತಟ್ಟನೆ ಇಳಿಯಿತು. ಗ್ಯಾಸ್ಕೆಟ್ ಹರಿದಿತ್ತು. ಇದು ಸ್ಲೋದಲ್ಲಿ ಕಾಡುವಷ್ಟು ವೇಗದಲ್ಲಿ ಕಾಡುವುದಿಲ್ಲ. ಏಕೆಂಬುದನ್ನು ಇಲ್ಲಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ: ನಾಲೆ ತುಂಬಿ ಹರಿಯುವಾಗ ಬದುವಿನ ಏಡಿ ಬಿಲ ಲೆಕ್ಕಕ್ಕಿಲ್ಲ, ನೂಲಿನೆಳೆಯಷ್ಟು ನೀರು ಬರುವಾಗ ಅದೇ ಬಿಲ ಗದ್ದೆಯನ್ನು ಒಣಗಿಸುತ್ತದೆ.

ಹೊಸ ಗ್ಯಾಸ್ಕೆಟ್ ಬಿತ್ತು. ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ತಂದದ್ದಾಯಿತು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ತಿರುಪುಗಳಿಗೆ ಕೈ ಹಾಕಿದ್ದು. ತಣ್ಣಗಿರುವಾಗ ಮಾಡಿದ ಟ್ಯೂನಿಂಗ್ ಊರ ಗಡಿ ದಾಟುವುದಿಲ್ಲ. ಗಾಳಿಯ ತಿರುಪನ್ನು ಮೆತ್ತಗೆ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿದ, ಸದ್ದು ಏರುವ ಜಾಗ ಹುಡುಕಿದ, ಆಮೇಲೆ ಸ್ಲೋ ತಿರುಪಿನಿಂದ ವೇಗ ಇಳಿಸಿದ. ಗಾಡಿ ‘ಡುಗ್ ಡುಗ್’ ಎನ್ನುತ್ತ ನಿಂತಿತು. ಚಹಾ ಬಂತು.

ಚಹಾ ಮುಗಿಯುವುದರೊಳಗೆ ಅದು ಮತ್ತೆ ಕಿರುಚತೊಡಗಿತು.

ಈ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿಂದ ಮೇಲೇರುತ್ತದೆ. ಆ ಕೋಣೆಯ ಎರಡು ಬದಿಗೂ ರಬ್ಬರ್ ಸೀಲುಗಳಿವೆ. ಎಡಗಡೆಯ ಕ್ಲಚ್ಚಿನ ಬದಿ ಸೋತರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಸುರಿಯುತ್ತದೆ. ಹೊಗೆ ಇರಲಿಲ್ಲ. ಬಲಗಡೆಯ ಡೈನಮೊ ಬಿಚ್ಚಿದಾಗ ಹಿಂದೆಲ್ಲ ಎಣ್ಣೆಯ ಜಿಡ್ಡು ಕಂಡಿತು. ಸೀಲಿನ ತುಟಿ ಒಣಗಿದ ಹುಣಸೆ ಸಿಪ್ಪೆಯಂತೆ ಗಡುಸಾಗಿತ್ತು.

ವಯಸ್ಸು ಒಂದು ಕಾರಣ, ಈಗಿನ ಪೆಟ್ರೋಲೂ ಇನ್ನೊಂದಿರಬಹುದು. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತದ್ದು. ಕಬ್ಬು, ಮೆಕ್ಕೆಜೋಳಗಳಿಂದ ತೆಗೆದ ಅದು ಹಳೆಯ ಕಾಲದ ರಬ್ಬರಿಗೆ ಒಗ್ಗುವುದಿಲ್ಲ, ನೀರನ್ನೂ ಹೀರುತ್ತದೆ. ಒಂದು ಕಿಲೋ ಎಥನಾಲಿಗೆ ಸುಮಾರು 9 ಕಿಲೋ ಗಾಳಿ ಸಾಕು. ಹೀಗಾಗಿ ಬರಿಯ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಅದು ಹರಿದಾಗ ಗಾಳಿಯೇ ಹೆಚ್ಚಾಗುತ್ತದೆ. ಮೆಕ್ಕೆಜೋಳ ಬೆಳೆದ ಜಿಲ್ಲೆಯ ಬೈಕಿಗೇ ಅದು ಜೀರ್ಣವಾಗದಿರುವುದು ತಮಾಷೆಯೇ ಸರಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಕಾರ್ಬೊರೇಟರನ್ನು ಖಾಲಿ ಮಾಡಿ ಇಡಿ ಎಂದು ಮೆಕ್ಯಾನಿಕ್ ಎಲ್ಲರಿಗೂ ಹೇಳುತ್ತಾನೆ, ಕೇಳುವವರು ಕಡಿಮೆ.

‘ಬೋರ್ ಏನು ಭಾಯ್?’ ಎಂದು ಒಡೆಯ ಕೇಳಿದ.

‘ಬೋರ್ ಚೆನ್ನಾಗೈತಿ. ಸೀಲ್ ತರಿಸ್ಬೇಕು, ನಾಕ್ ದಿನ ಹಿಡಿತೈತಿ. ಅಲ್ಲೀವರೆಗೂ ಓಡಿಸ್ಬ್ಯಾಡ್ರಿ.’

ಅವತ್ತು ಶುಕ್ರವಾರ. ಒಡೆಯ ಹೊರಗೆ ಹೋಗಿ ಬೆಂಗಳೂರಿಗೆ ಫೋನ್ ಹಚ್ಚಿದ. ಆ ಕಡೆಯ ಬೆಲೆ ಎಂಬತ್ತರಿಂದ ಎಂಬತ್ತೈದಕ್ಕೆ ಏರಿದ್ದು ಒಳಗಿದ್ದವರಿಗೂ ಕೇಳಿಸಿತು. ‘ಇಲ್ರಿ, ಗಾಡಿ ಬಿಚ್ಚೈತಿ’ ಎಂದಷ್ಟೇ ಹೇಳಿ ಆತ ಫೋನನ್ನು ಜೇಬಿಗಿಳಿಸಿ, ಬಸ್ಸು ಹಿಡಿಯಲು ರಸ್ತೆಗೆ ನಡೆದ.