ಮೇಲೆ 17ನೇ ನಂಬರ್, ಕೆಳಗೆ ಕೋಚ್

ಜನವರಿಯ ಒಂದು ಶುಕ್ರವಾರ ಸಂಜೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ಊರಿನಲ್ಲಿ, ಸಾವಿರಾರು ಕಾರುಗಳ ನಡುವೆ ನಮ್ಮ ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ಪುಳಿಯೋಗರೆ ತಿನ್ನುತ್ತಿದ್ದೆವು. ಅಕ್ಕಪಕ್ಕದವರು ಕೆಂಡದ ಒಲೆ ಹಚ್ಚಿ ಮಾಂಸ ಸುಡುತ್ತಿದ್ದರು. ಮಕ್ಕಳು ಕಾರುಗಳ ಸಂದಿಯಲ್ಲೇ ಕೋಲು ಹಿಡಿದು ಚೆಂಡು ಹೊಡೆಯುತ್ತಿದ್ದರು. ಚಳಿಗೆ ನನ್ನ ಬೆರಳು ಮರಗಟ್ಟಿ, ಸ್ಪೂನ್ ಹಿಡಿಯೋಕೂ ಆಗುತ್ತಿರಲಿಲ್ಲ. ಮ್ಯಾಚಿಗೆ ಬಂದವರು ಹೀಗೆ ಪಾರ್ಕಿಂಗ್ ಲಾಟಿನಲ್ಲೇ ಊಟ ಮುಗಿಸೋದು ಇಲ್ಲಿಯ ಪದ್ಧತಿ. 'ಟೇಲ್‌ಗೇಟಿಂಗ್' ಅಂತಾರೆ. ನಮ್ಮ ಕಡೆ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋಗ್ತೀವಲ್ಲ, ಹಾಗೇ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಆಫೀಸಿನ ಹಿರಿಯ ಸಹೋದ್ಯೋಗಿ. ಶಿವಮೊಗ್ಗದವರು, ಹತ್ತು ವರ್ಷದಿಂದ ರಾಲಿ ಪಕ್ಕದ ಕೇರಿಯಲ್ಲಿದ್ದಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆಯೋದು. ಮೂರು ವಾರದ ಕೆಲಸಕ್ಕೆ ಅಂತ ಬೆಂಗಳೂರಿನಿಂದ ಹೋಗಿದ್ದೆ. ಮೊದಲ ವಾರ ಹೋಟೆಲ್, ಆಫೀಸ್, ಮತ್ತೆ ಹೋಟೆಲ್. ಸುತ್ತ ಎತ್ತರದ ಪೈನ್ ಮರಗಳು, ಅಗಲ ರಸ್ತೆ, ನಡೆದು ಹೋಗುವವರು ಒಬ್ಬರೂ ಇಲ್ಲ. ನನ್ನ ಸಪ್ಪೆ ಮುಖ ನೋಡಿ ಅಣ್ಣ ಅಂದರು, "ಶುಕ್ರವಾರ ಹಾಕಿ ಮ್ಯಾಚ್‌ಗೆ ಬಾರಮ್ಮ. ನಿಂಗೆ ಒಬ್ಬರನ್ನ ತೋರಿಸ್ಬೇಕು."

ಮುಖ ಸಪ್ಪೆಯಾಗಿದ್ದಕ್ಕೆ ಕಾರಣ ಚಳಿಯಲ್ಲ, ಅಣ್ಣನಿಗೂ ಅದು ಗೊತ್ತಿತ್ತು. ಕಳೆದ ಸೆಪ್ಟೆಂಬರಿನಲ್ಲಿ ನನ್ನನ್ನು ಟೀಮ್ ಲೀಡ್ ಮಾಡಿದರು. ಏಳು ವರ್ಷ ಕೋಡ್ ಬರೆದವಳು ನಾನು, ಬರೆಯೋದರಲ್ಲಿ ಚುರುಕು. ಟೀಮಿನಲ್ಲಿ ಹಾಸನದ ಕಡೆಯ ಒಬ್ಬ ಹುಡುಗನಿದ್ದ. ಕೆಲಸ ಚೆನ್ನಾಗೇ ಮಾಡ್ತಿದ್ದ, ಆದರೆ ನಿಧಾನ. ರಿಲೀಸ್ ಹತ್ತಿರ ಬಂತು ಅಂತ ಒಂದು ರಾತ್ರಿ ಹನ್ನೊಂದಕ್ಕೆ ಕೂತು ಅವನ ಕೋಡನ್ನೆಲ್ಲ ಅಳಿಸಿ ನಾನೇ ಬರೆದೆ. ಅದೇ ಕೆಲಸ ಇನ್ನೂ ಎರಡು ಸಲ ಮಾಡಿದೆ. ಡಿಸೆಂಬರಿನಲ್ಲಿ ಅವನು ರಾಜೀನಾಮೆ ಕೊಟ್ಟ. ಕೊನೆಯ ದಿನ ಕಾಫಿಗೆ ಕೂತಾಗ, ಯಾವಾಗಲೂ ಹೆಸರು ಹಿಡಿದು ಕರೆಯುತ್ತಿದ್ದವನು "ಅಕ್ಕ" ಅಂದ. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ರಾತ್ರಿ ನಾನು ಬರೆದಿದ್ದು ಬೆಳಗ್ಗೆ ನೋಡಿದ್ರೆ ನಿಮ್ಮದಾಗಿರುತ್ತೆ. ಮತ್ತೆ ನಾನ್ಯಾಕೆ ಇರ್ಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ಮಾತನ್ನು ತಲೆಯಲ್ಲಿಟ್ಟುಕೊಂಡು ಕ್ರೀಡಾಂಗಣದ ಒಳಗೆ ಹೋದೆ. ಇದು 1999ರಲ್ಲಿ ಶುರುವಾದ ಕಟ್ಟಡ. ಹೆಸರು ಮಾತ್ರ ಪ್ರಾಯೋಜಕರು ಬದಲಾದ ಹಾಗೆ ಬದಲಾಗುತ್ತಾ ಬಂದಿದೆ, 2024ರಿಂದ 'ಲೆನೊವೊ ಸೆಂಟರ್'. ಇಲ್ಲಿ ಆಡುವ ತಂಡ ಕೆರೊಲಿನಾ ಹರಿಕೇನ್ಸ್. ಹರಿಕೇನ್ ಅಂದರೆ ಚಂಡಮಾರುತ, ಈ ಕರಾವಳಿ ರಾಜ್ಯಕ್ಕೆ ಅದರ ಪರಿಚಯ ಹೊಸದಲ್ಲ. ಅದಕ್ಕೇ ಪ್ರತಿ ಅವಧಿ ಶುರುವಾಗುವ ಮೊದಲು ಇಲ್ಲಿ ಕೈಯಿಂದ ತಿರುಗಿಸುವ ದೊಡ್ಡ ಸೈರನ್ ಕೂಗಿಸುತ್ತಾರೆ. ಆ ಸದ್ದಿಗೆ ಎದೆ ಒಮ್ಮೆ ಝಲ್ಲೆನ್ನುತ್ತದೆ.

ರಾಲಿ ಹಿಮದ ಊರಲ್ಲ. ಇಲ್ಲಿಯ ಜನಕ್ಕೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಐಸ್ ಹಾಕಿ ಇಲ್ಲಿಗೆ ಬಂದಿದ್ದೇ ವಲಸೆಯಾಗಿ. ಉತ್ತರದ ಹಾರ್ಟ್‌ಫರ್ಡ್ ಊರಿನ ತಂಡವನ್ನು 1997ರಲ್ಲಿ ಈ ರಾಜ್ಯಕ್ಕೆ ತಂದರು. ರಾಲಿಯ ಕ್ರೀಡಾಂಗಣ ಮುಗಿಯುವವರೆಗೆ ಎರಡು ವರ್ಷ ಗ್ರೀನ್ಸ್‌ಬರೋ ಎಂಬ ಊರಿನಲ್ಲಿ, ಬಹುಪಾಲು ಖಾಲಿ ಕುರ್ಚಿಗಳ ಮುಂದೆ ಆಡಿದರು. ಕೆಲಸ ಹುಡುಕಿಕೊಂಡು ಬಂದ ನಮ್ಮಂಥವರ ಊರಿಗೆ ತಂಡವೂ ಹಾಗೇ ಬಂದಿದ್ದು ಅಂತ ಅಣ್ಣ ನಗುತ್ತಾರೆ.

ಆಟ ನನಗೆ ಅರ್ಥ ಮಾಡಿಸಿದ್ದು ಅಣ್ಣನ ಹತ್ತು ವರ್ಷದ ಮಗಳು. ಅವಳು ಪಕ್ಕದ ಮೋರಿಸ್‌ವಿಲ್‌ನಲ್ಲಿ ಸ್ಕೇಟಿಂಗ್ ಕಲಿಯುತ್ತಾಳೆ. "ಆಂಟಿ, ಇಪ್ಪತ್ತು ನಿಮಿಷದ್ದು ಮೂರು ಪೀರಿಯಡ್. ಒಂದು ಟೀಮಿಗೆ ಐದು ಜನ, ಪ್ಲಸ್ ಗೋಲಿ. ಅದು ಚೆಂಡಲ್ಲ, ಪಕ್!" ಪಕ್ ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯದಿರಲಿ ಅಂತ ಮ್ಯಾಚಿಗೆ ಮೊದಲು ಅದನ್ನೂ ಫ್ರೀಜ್ ಮಾಡಿರುತ್ತಾರೆ.

ನನಗೆ ಆಶ್ಚರ್ಯವಾಗಿದ್ದು ಆಟಗಾರರ ಬದಲಾವಣೆ. ಒಬ್ಬ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷದ ಆಸುಪಾಸು ಮಾತ್ರ ಮಂಜಿನ ಮೇಲಿರುತ್ತಾನೆ. ಅಷ್ಟರಲ್ಲಿ ಉಸಿರು ಕಟ್ಟುತ್ತದೆ. ಆಟ ನಿಲ್ಲೋದೇ ಇಲ್ಲ, ಒಬ್ಬ ಗೋಡೆ ಹಾರಿ ಒಳಗೆ ಬರುತ್ತಾನೆ, ಇನ್ನೊಬ್ಬ ಹಾರಿ ಹೊರಗೆ ಹೋಗುತ್ತಾನೆ. ನಮ್ಮ ಖೊಖೊದಲ್ಲಿ 'ಖೋ' ಕೊಟ್ಟ ಹಾಗೆ. ಯಾರು ಯಾವಾಗ ಇಳಿಯಬೇಕು, ಎದುರಾಳಿಯ ಯಾರ ಮುಂದೆ ಯಾರು ಅನ್ನೋದನ್ನ ಕ್ಷಣಕ್ಷಣಕ್ಕೂ ನಿರ್ಧರಿಸೋದು ಬೆಂಚಿನ ಹಿಂದೆ ಸೂಟು ಹಾಕಿಕೊಂಡು ನಿಂತ ಒಬ್ಬ ಮನುಷ್ಯ.

"ಅವರೇ ನೋಡು" ಅಂದರು ಅಣ್ಣ. "ರಾಡ್ ಬ್ರಿಂಡಮೋರ್. ಈಗ ಮೇಲೆ ನೋಡು."

ಮೇಲೆ, ಛಾವಣಿಯ ಕಬ್ಬಿಣದ ತೊಲೆಗಳ ಹತ್ತಿರ ದೊಡ್ಡ ಬಟ್ಟೆಯ ಫಲಕಗಳು ನೇತಾಡುತ್ತಿದ್ದವು. ಒಂದರ ಮೇಲೆ 17ನೇ ನಂಬರ್, ಅದರ ಜೊತೆ ಅದೇ ಹೆಸರು. 2011ರ ಫೆಬ್ರವರಿಯಲ್ಲಿ ತಂಡ ಆ ನಂಬರನ್ನು ನಿವೃತ್ತಿ ಮಾಡಿತು, ಇನ್ನು ಯಾರೂ ಅದನ್ನು ತೊಡುವ ಹಾಗಿಲ್ಲ. ತಾನು ಆಡಿ ತೊಟ್ಟ ನಂಬರು ತಲೆಯ ಮೇಲೆ ತೂಗುತ್ತಿರುವಾಗ, ಅದೇ ಅಂಗಳದ ಅಂಚಿನಲ್ಲಿ ನಿಂತು ಬೇರೆಯವರು ಆಡೋದನ್ನ ನೋಡೋದು ಹೇಗಿರುತ್ತೆ? ಆಮೇಲೆ ನಾನು ಮ್ಯಾಚಿಗಿಂತ ಹೆಚ್ಚು ಆ ಮನುಷ್ಯನನ್ನೇ ನೋಡಿದೆ.

ಹೋಟೆಲಿಗೆ ಬಂದು ರಾತ್ರಿಯೆಲ್ಲ ಅವರ ಬಗ್ಗೆ ಓದಿದೆ. 1970ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿ, ಪಶ್ಚಿಮದ ಬ್ರಿಟಿಷ್ ಕೊಲಂಬಿಯಾದಲ್ಲಿ ಬೆಳೆದವರು. 1988ರಲ್ಲಿ ಸೇಂಟ್ ಲೂಯಿಸ್ ತಂಡ ಆರಿಸಿಕೊಂಡಿತು. 1991ರಲ್ಲಿ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ಅಲ್ಲಿ ಒಂದೂ ತಪ್ಪಿಸದೆ ಸತತ 484 ಪಂದ್ಯ ಆಡಿ ಆ ತಂಡದ ದಾಖಲೆ ಮಾಡಿದರು. ಆದರೂ 2000ದ ಜನವರಿಯಲ್ಲಿ ಅವರನ್ನು ಕೆರೊಲಿನಾಗೆ ವರ್ಗ ಮಾಡಿದರು. ಈ ಆಟದಲ್ಲಿ ಹಾಗೇ, ಒಂದು ಫೋನ್ ಬಂದರೆ ಊರು ಬದಲು.

ವ್ಯಾಯಾಮದ ಹುಚ್ಚಿಗೆ ಅವರಿಗೆ 'ರಾಡ್ ದ ಬಾಡ್' ಅಂತಲೇ ಅಡ್ಡಹೆಸರು. ಬರೀ ಗೋಲು ಹೊಡೆಯುವವರಲ್ಲ. ರೆಫರಿ ಪಕ್ ಕೆಳಗೆ ಬಿಟ್ಟಾಗ ಅದನ್ನು ಕಸಿಯುವ 'ಫೇಸ್‌ಆಫ್'ನಲ್ಲಿ ಪಳಗಿದ ಕೈ. ರಕ್ಷಣೆಗೂ ಬೆವರು ಹರಿಸುವ ಮುಂಪಡೆ ಆಟಗಾರನಿಗೆ ಕೊಡುವ ಸೆಲ್ಕೆ ಟ್ರೋಫಿ ಅವರಿಗೆ 2006, 2007 ಎರಡೂ ವರ್ಷ ಬಂತು.

2005ರಲ್ಲಿ ನಾಯಕ. ಮರು ವರ್ಷ ಸ್ಟಾನ್ಲಿ ಕಪ್ ಫೈನಲ್. ಮೊದಲ ಪಂದ್ಯದಲ್ಲೇ ಎಡ್ಮಂಟನ್ ಎದುರು 0-3 ಹಿಂದೆ ಬಿದ್ದ ತಂಡ 5-4ರಲ್ಲಿ ಗೆದ್ದಿತು. ಎದುರಾಳಿ ಗೋಲಿ ಬಲೆಯ ಹಿಂದೆ ಎಡವಟ್ಟು ಮಾಡಿಕೊಂಡಾಗ ಕೊನೆಯ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದದ್ದು ಇವರೇ. ಸರಣಿ ಏಳನೇ ಪಂದ್ಯದವರೆಗೂ ಹೋಯಿತು. 2006ರ ಜೂನ್ 19ರಂದು ಇದೇ ರಾಲಿಯಲ್ಲಿ 3-1ರ ಗೆಲುವು. ಅಷ್ಟು ವರ್ಷ ಕಾದ ಮನುಷ್ಯ, ಕಪ್ ಕೈಗೆ ಬಂದಾಗ ಫೋಟೊಗೂ ನಿಲ್ಲದೆ ಮೇಲೆತ್ತಿಬಿಟ್ಟರು. ಆ ವಿಡಿಯೊ ನೋಡಿ ನನಗೂ ಕಣ್ಣು ತೇವವಾಯಿತು.

2010ರಲ್ಲಿ ಆಟ ಬಿಟ್ಟಾಗ ಲೆಕ್ಕ ಹೀಗಿತ್ತು: 1,484 ಪಂದ್ಯ, 452 ಗೋಲು.

ನಾನು ಹುಡುಕುತ್ತಿದ್ದ ಭಾಗ ಅದರ ನಂತರದ್ದು. ಇಷ್ಟು ದೊಡ್ಡ ಆಟಗಾರ ಮರುದಿನವೇ ಮುಖ್ಯ ಕೋಚ್ ಆಗಲಿಲ್ಲ. 2011ರಿಂದ 2018ರವರೆಗೆ ಏಳು ವರ್ಷ ಸಹಾಯಕ ಕೋಚ್. ಆ ಏಳು ವರ್ಷದಲ್ಲಿ ತಂಡ ಒಂದು ಸಲವೂ ಪ್ಲೇಆಫ್ ಮುಟ್ಟಲಿಲ್ಲ. ಅಂದರೆ ಪ್ರತಿ ರಾತ್ರಿ ತನಗೆ ಚೆನ್ನಾಗಿ ಬರುವ ಕೆಲಸವನ್ನು ಬೇರೆಯವರು ತಪ್ಪು ಮಾಡುವುದನ್ನು ಅಲ್ಲೇ ನಿಂತು ನೋಡಬೇಕು. ಗೋಡೆ ಹಾರಿ ಒಳಗೆ ಇಳಿಯುವ ಹಾಗಿಲ್ಲ. ನನಗೆ ಲೀಡ್ ಅಂತ ಇಮೇಲ್ ಬಂದ ದಿನವೇ ಎಲ್ಲ ಬರುತ್ತೆ ಅಂದುಕೊಂಡಿದ್ದೆ. ಜೊತೆಗೆ ನನಗೆ ಗೋಡೆಯೂ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದರೆ ಆಯಿತು, ಅಂಗಳದಲ್ಲಿ ನಾನೇ.

2018ರ ಮೇ ತಿಂಗಳಲ್ಲಿ ಅವರನ್ನು ಮುಖ್ಯ ಕೋಚ್ ಮಾಡಿದರು. ಮೊದಲ ವರ್ಷವೇ ತಂಡ ಪ್ಲೇಆಫ್ ಸೇರಿತು. ಆ ವರ್ಷ ಮನೆಯಂಗಳದಲ್ಲಿ ಗೆದ್ದಾಗಲೆಲ್ಲ ಹುಡುಗರು ಮಂಜಿನ ಮೇಲೆ ಚಿತ್ರವಿಚಿತ್ರ ಕುಣಿತ ಮಾಡೋರು. ಕೆನಡಾದ ಹಿರಿಯ ಟಿವಿ ವಿಶ್ಲೇಷಕ ಡಾನ್ ಚೆರಿ ಸಿಟ್ಟಾಗಿ ತಂಡವನ್ನು 'ಎಡವಟ್ಟರ ಗುಂಪು' ಅನ್ನುವ ಅರ್ಥದಲ್ಲಿ ಬೈದರು. ತಂಡ ಅದೇ ಬೈಗುಳವನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿತು! ಅಣ್ಣನ ಮನೆಯಲ್ಲಿ ಅದು ಎರಡಿದೆ. 2021ರಲ್ಲಿ ವರ್ಷದ ಅತ್ಯುತ್ತಮ ಕೋಚ್‌ಗೆ ಕೊಡುವ ಜ್ಯಾಕ್ ಆಡಮ್ಸ್ ಪ್ರಶಸ್ತಿ ಅವರಿಗೆ ಬಂತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಬೇರೆ ರಾತ್ರಿ. 2020ರ ಫೆಬ್ರವರಿ 22, ಟೊರೊಂಟೊ. ಹರಿಕೇನ್ಸ್‌ನ ಇಬ್ಬರೂ ಗೋಲಿಗಳು ಒಂದೇ ಪಂದ್ಯದಲ್ಲಿ ಗಾಯಗೊಂಡರು. ಇಂಥ ಹೊತ್ತಿಗೆ ಅಂತ ಆಗ ಪ್ರತಿ ಊರಿನಲ್ಲೂ ಒಬ್ಬ ತುರ್ತು ಗೋಲಿ ಇರುತ್ತಿದ್ದ, ವೃತ್ತಿಪರ ಆಟಗಾರನಲ್ಲ. ಅವತ್ತು ಇದ್ದವರು ಡೇವಿಡ್ ಏರ್ಸ್, ವಯಸ್ಸು 42. ಹಿಂದೊಮ್ಮೆ ತಾಯಿಯ ಕಿಡ್ನಿ ಪಡೆದು ಬದುಕಿದವರು. ಮಂಜಿನ ಅಂಗಳವನ್ನು ನುಣುಪು ಮಾಡುವ ಗಾಡಿ ಓಡಿಸಿದವರು. ಅವರ ಕಡೆ ಬಂದ ಮೊದಲ ಎರಡು ಹೊಡೆತವೂ ಗೋಲಾದವು.

ಆ ಜಾಗದಲ್ಲಿ ನಾನಿದ್ದಿದ್ದರೆ? ತಲೆ ಮೇಲೆ ಕೈ ಹೊತ್ತಿರುತ್ತಿದ್ದೆ, ಇಲ್ಲವೇ ನಾನೇ ಪ್ಯಾಡ್ ಕಟ್ಟಿಕೊಳ್ಳೋಕೆ ಹೊರಡುತ್ತಿದ್ದೆ. ಅವತ್ತು ತಂಡ ಮಾಡಿದ್ದು ಇನ್ನೊಂದು. ಮೂರನೇ ಅವಧಿಯಲ್ಲಿ ಎಲ್ಲರೂ ಹಿಂದಕ್ಕೆ ದುಡಿದು, ಆ ಮನುಷ್ಯನ ಹತ್ತಿರ ಪಕ್ ಬರುವುದನ್ನೇ ಕಡಿಮೆ ಮಾಡಿದರು. ಬಂದಿದ್ದನ್ನು ಅವರು ತಡೆದರು. ಒಟ್ಟು 10 ಹೊಡೆತದಲ್ಲಿ 8 ತಡೆದು, 6-3ರಲ್ಲಿ ಗೆಲುವು. ಅವರ ಸ್ಟಿಕ್ ಹಾಕಿ ಹಾಲ್ ಆಫ್ ಫೇಮ್ ಸೇರಿತು.

ಹಾಸನದ ಹುಡುಗನ ಕೋಡ್ ನಿಧಾನ ಆಗ್ತಿದ್ದಾಗ, ಅವನ ಕಡೆ ಬರುವ ಹೊಡೆತ ಕಡಿಮೆ ಮಾಡೋದು ನನ್ನ ಕೈಯಲ್ಲಿತ್ತು. ಒಂದು ಮೀಟಿಂಗ್ ತಪ್ಪಿಸಬಹುದಿತ್ತು, ಡೆಡ್‌ಲೈನ್ ಬಗ್ಗೆ ಮೇಲಿನವರ ಹತ್ತಿರ ಜಗಳ ಆಡಬಹುದಿತ್ತು. ನಾನು ಅವನನ್ನೇ ಗೋಲಿನಿಂದ ಎಳೆದು ಹಾಕಿದೆ.

ನಾನು ನೋಡಿದ ಆ ರಾತ್ರಿ ಹರಿಕೇನ್ಸ್ ಒಂದು ಗೋಲಿನಿಂದ ಸೋತರು. ಹೊರಗೆ ಬರುವಾಗ ಹುಡುಗಿ ಮುಖ ಊದಿಸಿಕೊಂಡಿದ್ದಳು. ಅತ್ತಿಗೆ ಅವಳಿಗೆ ಕೋಡುಬಳೆ ಕೊಟ್ಟು ಸಮಾಧಾನ ಮಾಡಿದರು. ಕಾರಿನಲ್ಲಿ ಅಣ್ಣ ಉಪದೇಶ ಏನೂ ಮಾಡಲಿಲ್ಲ. "ಪಾಪ, ಕೂತ್ಕೊಂಡಾದ್ರೂ ನೋಡಲ್ಲ, ಮೂರು ಪೀರಿಯಡ್ಡೂ ನಿಂತೇ ಇರ್ತಾರೆ ಕಣಮ್ಮ" ಅಂದರು ಅಷ್ಟೇ.

ನಮ್ಮ ರಾಹುಲ್ ದ್ರಾವಿಡ್ 2007ರಲ್ಲಿ ನಾಯಕನಾಗಿ ವೆಸ್ಟ್ ಇಂಡೀಸ್‌ನಲ್ಲಿ ಸೋತು ಬಂದು, 2024ರಲ್ಲಿ ಅಲ್ಲೇ ಕೋಚ್ ಆಗಿ ವಿಶ್ವಕಪ್ ಗೆದ್ದರು. ಬ್ರಿಂಡಮೋರ್ ಕತೆ ಉಲ್ಟಾ. ನಾಯಕನಾಗಿ ಗೆದ್ದ ಕಪ್ ಕೋಚ್ ಆಗಿ 2025ರ ಮೇವರೆಗೂ ಸಿಕ್ಕಿರಲಿಲ್ಲ. 2019ರಲ್ಲಿ ಸೆಮಿಫೈನಲ್ ಅನ್ನಬಹುದಾದ ಕಾನ್ಫರೆನ್ಸ್ ಫೈನಲ್‌ನಲ್ಲಿ 0-4, 2023ರಲ್ಲಿ ಮತ್ತೆ 0-4. 2025ರ ಮೇ ತಿಂಗಳಲ್ಲಿ ಮೂರನೇ ಸಲ ಅಲ್ಲಿಗೆ ಬಂದರು. ಬೆಂಗಳೂರಿನಲ್ಲಿ ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟು ಫೋನಿನಲ್ಲಿ ನೋಡಿದೆ. ಮೊದಲ ಮೂರೂ ಸೋತು, ನಾಲ್ಕನೆಯದನ್ನು ಫ್ಲೋರಿಡಾ ಊರಿನಲ್ಲೇ 3-0 ಗೆದ್ದರು. ಐದನೆಯದು ರಾಲಿಯಲ್ಲಿ, ಆ 17ನೇ ನಂಬರಿನ ಕೆಳಗೆ. ಸೋತರು, 1-4.

ನೀವು ಆ ಕಡೆ ಹೋದರೆ, ಲೀಗ್ ಪಂದ್ಯಗಳು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ನಡೆಯುತ್ತವೆ. ಒಂದು ಗಂಟೆ ಮೊದಲೇ ಹೋಗಿ ಪಾರ್ಕಿಂಗ್ ಲಾಟಿನ ಜಾತ್ರೆ ನೋಡಿ. ಒಳಗೂ ಸ್ವೆಟರ್ ಬೇಕು. ಪಕ್ ಕಣ್ಣಿಗೆ ಸಿಗದಿದ್ದರೆ ಚಿಂತೆ ಬೇಡ, ಬೆಂಚಿನ ಹಿಂದೆ ನೋಡಿ.

ನನ್ನ ಟೀಮಿಗೆ ಈಗ ಹೊಸ ಹುಡುಗಿ ಬಂದಿದ್ದಾಳೆ. ಹೋದ ವಾರ ರಾತ್ರಿ ಹನ್ನೊಂದಕ್ಕೆ ಅವಳ ಕೋಡ್ ತೆರೆದೆ. ನಾನಾಗಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಕೈ ಕೀಬೋರ್ಡಿನ ಮೇಲೆ ಹೋಯಿತು. 'ಲಿಸ್ಟ್ ಖಾಲಿ ಬಂದರೆ ಏನಾಗುತ್ತೆ? ನಾಳೆ ಮಾತಾಡೋಣ' ಅಂತ ಒಂದು ಸಾಲು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ. ನಿದ್ದೆ ಬರಲಿಲ್ಲ, ಅದು ನಿಜ. ಬೆಳಗ್ಗೆ ಹತ್ತಕ್ಕೆ ಅವಳೇ ಸರಿ ಮಾಡಿದ್ದಳು, ನಾನು ಕೇಳದ ಇನ್ನೊಂದು ತಪ್ಪನ್ನೂ ಹಿಡಿದಿದ್ದಳು.

ಹಾಸನದ ಹುಡುಗನಿಗೆ ಇನ್ನೂ ಮೆಸೇಜ್ ಮಾಡಿಲ್ಲ. ಏನಂತ ಬರೆಯೋದು ಗೊತ್ತಾಗದೆ ಆರು ತಿಂಗಳು ಹೋಯಿತು. ಇದು ಪ್ರಕಟವಾದರೆ ಲಿಂಕ್ ಕಳಿಸುತ್ತೇನೆ.