ಜೊಂಡಿನೊಳಗಿನ ಉಸಿರು

ಗಾಳ ಹಿಡಿದು ಕೆರೆಯ ದಂಡೆಯಲ್ಲಿ ಕುಳಿತವನನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ಕನಿಕರ. ಮಾಡಲು ಬೇರೆ ಕೆಲಸವಿಲ್ಲದವನು, ಮನೆಯಲ್ಲಿ ಮಾತಿಗೆ ಹೆದರಿ ಹೊರಬಿದ್ದವನು, ಇಲ್ಲವೆ ಕವಿಯಾಗಲು ಹವಣಿಸುತ್ತಿರುವವನು—ಈ ಮೂವರಲ್ಲಿ ಒಬ್ಬನಿರಬೇಕೆಂದು ದಾರಿಹೋಕರು ತೀರ್ಮಾನಿಸಿಬಿಡುತ್ತಾರೆ. ಅದರಲ್ಲಿಯೂ ಯಾದಗಿರಿಯಲ್ಲಿ ನೆಲಸಿ ಮೀನು ಹಿಡಿಯುವ ಹವ್ಯಾಸ ಇಟ್ಟುಕೊಂಡವನನ್ನು ಯಾರು ನಂಬಿಯಾರು? ನಾನು ಮೈಸೂರಿನ ಕಡೆಯವನು, ವೃತ್ತಿಯಿಂದ ಉಪಾಧ್ಯಾಯ. ವರ್ಗವಾಗಿ ಈ ಸೀಮೆಗೆ ಬಂದಾಗ, "ಅಲ್ಲಿ ಕುಡಿಯಲು ನೀರಾದರೂ ಇದೆಯೆ?" ಎಂದು ನಮ್ಮ ಅತ್ತೆಯವರು ಕಾಗದ ಬರೆದು ಕೇಳಿದ್ದರು. "ಮೀನು ಹಿಡಿಯುವಷ್ಟು ಇದೆ" ಎಂದು ನಾನು ಉತ್ತರ ಬರೆದೆ. ಅಂದಿನಿಂದ ಅವರಿಗೆ ಅಳಿಯನ ಬುದ್ಧಿಯ ಬಗೆಗೇ ಚಿಂತೆ ಹತ್ತಿತು.

ನಗುವವರಿಗೆ ಕೊಡಲು ನನ್ನ ಬಳಿ ಒಂದು ಉತ್ತರವಿದೆ. ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣದಿಂದ ಹನ್ನೆರಡನೆಯ ಶತಮಾನದಲ್ಲಿ ನಾಡನ್ನಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನಷ್ಟೆ. ಅರಸರ ವಿನೋದಗಳನ್ನು ಎಣಿಸುವಾಗ ಅವನು ಮತ್ಸ್ಯವಿನೋದವನ್ನು ಮರೆಯಲಿಲ್ಲ. ಮೀನುಗಳ ಜಾತಿ, ಅವಕ್ಕೆ ಒಗ್ಗುವ ಆಹಾರ, ಗಾಳ, ದಾರ, ಕೋಲು ಇವನ್ನೆಲ್ಲ ವಿವರಿಸಿದನು. ಆ ಅಧ್ಯಾಯದ ಮೇಲೆ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಒಂದು ವಿದ್ವತ್ಪೂರ್ಣ ಲೇಖನವನ್ನೇ ಪ್ರಕಟಿಸಿದರು. ಚಕ್ರವರ್ತಿಗೆ ಒಪ್ಪಿದ್ದು ಉಪಾಧ್ಯಾಯನಿಗೆ ಒಪ್ಪಬಾರದೆ?

ಯಾದಗಿರಿ, ಶಹಾಪುರ, ಸುರಪುರಗಳೆಂದರೆ ಬಂಡೆಯ ಬೆಟ್ಟ, ಕರಿಯ ಮಣ್ಣು, ಸುಡುವ ಬಿಸಿಲು ಎಂದಷ್ಟೇ ಹೊರಗಿನವರು ತಿಳಿದಿರುತ್ತಾರೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರಲ್ಲಿ ಕನ್ನಡನಾಡನ್ನು ಕೂಡಿ, 2010ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಗೆ ಭೀಮೆ ಕೃಷ್ಣೆಯರಿಬ್ಬರ ನಂಟುಂಟು. ಸುರಪುರದ ನಾಯಕರ ಕಾಲದ ಬೋನಾಳದ ಕೆರೆ ಇಲ್ಲಿಯದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದನು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಎದ್ದು ನಿಂತ ಮೇಲೆ ಕಾಲುವೆಯ ನೀರು ಜೋಳದ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿ ಮಾಡಿತು. ನೀರು ನಿಂತಲ್ಲಿ ಜೊಂಡು ಬೆಳೆಯುತ್ತದೆ. ತಾವರೆ, ನೈದಿಲೆ, ಅಂತರಗಂಗೆಗಳು ಮುಸುಕುತ್ತವೆ. ತಳದಿಂದ ಎದ್ದ ಪಾಚಿ ನೀರನ್ನು ಹಸಿರು ಕಂಬಳಿಯಂತೆ ಹೊದೆಯುತ್ತದೆ. ಬಲೆ ಬೀಸುವವನು ಇಂಥ ಕೆರೆಯನ್ನು ಕಂಡು ಬೈಯುತ್ತಾನೆ. ಆದರೆ ಕೊರವ ಮೀನಿಗೆ ಇದಕ್ಕಿಂತ ದೊಡ್ಡ ಅರಮನೆಯಿಲ್ಲ.

ಕೊರವ ಎಂಬುದು ನಮ್ಮ ಕಡೆಯ ಹೆಸರು. ಇಲ್ಲಿ ತೆಲುಗಿನ ನೆರೆಯಿಂದ ಕೊರಮೀನು ಎಂದೂ, ಹೈದರಾಬಾದಿನ ಬಳಕೆಯಿಂದ ಮರಲ್ ಎಂದೂ ಕೇಳಿಬರುತ್ತದೆ. ಹಾವಿನಂಥ ತಲೆ, ಉರುಟಾದ ಉದ್ದನೆಯ ಮೈ, ಅಗಲವಾದ ಬಾಯಿ, ಅದರ ತುಂಬ ಹಲ್ಲು. ಕಪ್ಪೆ, ಸಣ್ಣ ಮೀನು, ನೀರಿಗೆ ಬಿದ್ದ ಹುಳು ಏನು ಕಂಡರೂ ಎರಗುವ ಬೇಟೆಗಾರ. ಇದರ ಸೋಜಿಗವೆಂದರೆ ಕಿವಿರೊಂದೇ ಇದಕ್ಕೆ ಸಾಲದು. ತಲೆಯೊಳಗಿನ ಒಂದು ಗೂಡಿನಲ್ಲಿ ಗಾಳಿಯನ್ನು ತುಂಬಿಕೊಳ್ಳಲು ಇದು ಆಗಾಗ ಮೇಲೆ ಬರಲೇಬೇಕು. ಮೇಲೆ ಬರಗೊಡದೆ ತಡೆದರೆ ಮೀನಾಗಿಯೂ ನೀರಿನಲ್ಲಿ ಉಸಿರುಕಟ್ಟಿ ಸಾಯುತ್ತದೆ! ಆದುದರಿಂದಲೇ ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಬದುಕುತ್ತದೆ; ಮಳೆ ಬಂದರೆ ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ಹೊಂಡ ಸೇರುತ್ತದೆ; ಪೇಟೆಯಲ್ಲಿ ಬೋಗುಣಿಯ ನೀರಿನಲ್ಲಿ ಜೀವಂತವಾಗಿಯೇ ಮಾರಾಟವಾಗಿ ಒಳ್ಳೆಯ ಬೆಲೆ ತರುತ್ತದೆ. ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಹೂಡುವಾಗ ಹೈದರಾಬಾದಿನಲ್ಲಿ ಉಬ್ಬಸದ ರೋಗಿಗಳು ಸಾಲುಗಟ್ಟಿ, ಔಷಧವಿಟ್ಟ ಜೀವಂತ ಮರಿಯನ್ನು ನುಂಗುತ್ತಾರಲ್ಲ, ಅದೂ ಈ ಮೀನಿನ ಮರಿಯೇ.

ಅಮೆರಿಕದಲ್ಲಿ ದೊಡ್ಡ ಬಾಯಿಯ 'ಬಾಸ್' ಎಂಬ ಮೀನೊಂದಿದೆ. ಅದೂ ಎಲೆಗಳ ಮರೆಯಲ್ಲಿ ಹೊಂಚುವ ಜಾತಿ. ಅದಕ್ಕಾಗಿ ಅಲ್ಲಿಯ ಹವ್ಯಾಸಿಗಳು ಬಳಸುವ ರಬ್ಬರಿನ ಕಪ್ಪೆ ಈಗ ನಮ್ಮ ಅಂಗಡಿಗಳಿಗೂ ಬಂದಿದೆ. ಒಳಗೆ ಪೊಳ್ಳು, ಎರಡು ಗಾಳದ ಮೊನೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ. ಆದುದರಿಂದ ಜೊಂಡಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದೊಡನೆ ರಬ್ಬರು ಕುಗ್ಗಿ ಮೊನೆಗಳು ಹೊರಬರುತ್ತವೆ. ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಬೇಕು. ಸುಲಭವಾಗಿ ಕುಗ್ಗದ ಕಪ್ಪೆ ಮೀನಿಗೂ ಬೇಡ, ನಮಗೂ ಬೇಡ. ಇದಕ್ಕೆ ಬಳುಕುವ ಕೋಲು ಸಲ್ಲದು. ಏಳಡಿಯ ಬಿರುಸಾದ ಕೋಲು, ಐವತ್ತು ಪೌಂಡು ತಾಳುವ ಹೆಣೆದ ದಾರ, ಗಟ್ಟಿಯಾದ ರೀಲು ಬೇಕು. ಹಿಗ್ಗುವ ನೈಲಾನು ದಾರವಾದರೆ, ನಾವು ಜಗ್ಗಿದ್ದು ಮೀನಿಗೆ ತಲುಪುವಷ್ಟರಲ್ಲಿ ಅದು ಬೇರುಗಳ ನಡುವೆ ಹೊಕ್ಕು ಕುಳಿತಿರುತ್ತದೆ.

ಸಾಮಾನು ಕೊಂಡದ್ದು ದುಡ್ಡಿನಿಂದ. ವಿದ್ಯೆ ಬಂದದ್ದು ಸುರಪುರದ ಕಡೆಯ ಹಿರಿಯರೊಬ್ಬರಿಂದ. ಊರಿನವರಂತೆ ನಾನೂ ಅವರನ್ನು ಮುತ್ಯಾ ಎಂದೇ ಕರೆಯುತ್ತಿದ್ದೆ. ಅವರದು ಉದ್ದನೆಯ ಬಿದಿರು ಗಳ. ಅದಕ್ಕೆ ಗಳದಷ್ಟೇ ಉದ್ದದ ದಾರ. ನನ್ನ ರಬ್ಬರು ಕಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇದು ವಟಗುಟ್ಟತದೇನ್ರಿ ಸರ?" ಎಂದು ಕೇಳಿ ನಕ್ಕರು. ಆದರೆ ಅದು ಜೊಂಡಿನ ಮೇಲೆ ಜಾರಿದ ಬಗೆಯನ್ನು ಕಂಡ ಮೇಲೆ ನಗುವನ್ನು ನಿಲ್ಲಿಸಿದರು.

ಅವರ ಮೊದಲನೆಯ ಪಾಠ ಕಿವಿಗೆ, ಕೈಗಲ್ಲ. "ನೋಡಬ್ಯಾಡ್ರಿ, ಕೇಳ್ರಿ" ಎಂದರು. ಮುಂಜಾನೆಯ ನಿಶ್ಶಬ್ದದಲ್ಲಿ ಹಸಿರಿನ ನಡುವೆ ಎಲ್ಲಿಯೋ 'ಗುಳುಕ್' ಎಂದು ಒಂದು ಸದ್ದು. ಕೊರವ ಉಸಿರು ತೆಗೆದುಕೊಂಡ ಸದ್ದು ಅದು. ದಟ್ಟವಾದ ಜೊಂಡಿನಲ್ಲಿಯೂ ಅಲ್ಲಲ್ಲಿ ತಟ್ಟೆಯಗಲದ ತೆರಪುಗಳಿರುತ್ತವೆ. ಅವೇ ಅದರ ಕಿಟಕಿಗಳು. ಕಪ್ಪೆಯನ್ನು ಕಿಟಕಿಯೊಳಕ್ಕೆ ನೇರವಾಗಿ ಎಸೆಯಬಾರದು. ಆಚೆಗೆ ಎಸೆದು, ಎಲೆಗಳ ಮೇಲೆ ಕುಪ್ಪಳಿಸುವಂತೆ ತರುತ್ತ, ತೆರಪಿನ ಅಂಚಿಗೆ ಬಂದಾಗ ನಿಲ್ಲಿಸಬೇಕು. ನಿಲ್ಲಿಸಿ, ಒಂದೇ ಒಂದು ಸಲ ನಡುಗಿಸಬೇಕು. ಆಗ ನೀರು ಸಿಡಿಯುತ್ತದೆ.

ಎರಡನೆಯ ಪಾಠ ಇದಕ್ಕಿಂತ ಕಠಿಣ. ನೀರು ಸಿಡಿದ ಕ್ಷಣದಲ್ಲಿ ಜಗ್ಗುವುದು ಮನುಷ್ಯನ ಸ್ವಭಾವ. "ಅವಸರ ಮಾಡಬ್ಯಾಡ್ರಿ. ಒಳಗ ತಗೊಂಡು ತಿರಗಲಿ. ಮೂರು ಎಣಸ್ರಿ" ಎನ್ನುತ್ತಿದ್ದರು ಮುತ್ಯಾ. ಕೋಲನ್ನು ತಗ್ಗಿಸಿ, ದಾರ ಬಿಗಿಯಾಗುವುದನ್ನು ಕಾದು, ಆಮೇಲೆ ಎರಡೂ ಕೈಗಳಿಂದ ಬಲವಾಗಿ ಎತ್ತಬೇಕು. ಎತ್ತಿದ ಮೇಲೆ ಮಾತ್ರ ಕರುಣೆ ತೋರುವಂತಿಲ್ಲ. ಅದರ ತಲೆಯನ್ನು ಮೇಲಕ್ಕೆ ತಂದು ಜೊಂಡಿನ ಮೇಲೆಯೇ ಜಾರಿಸಿಕೊಂಡು ದಡಕ್ಕೆ ತರಬೇಕು. ತಲೆ ಒಮ್ಮೆ ಕೆಳಗಾಯಿತೆಂದರೆ ನಮ್ಮ ಕೈಗೆ ಸಿಕ್ಕುವುದು ಒಂದು ಹೊರೆ ಪಾಚಿ.

ಮೂರನೆಯ ಪಾಠವನ್ನು ಅವರು ಪಾಠವೆಂದು ಹೇಳಲಿಲ್ಲ. ಭಾದ್ರಪದದ ಒಂದು ಬೆಳಗು ಶಹಾಪುರದ ದಾರಿಯ ಕೆರೆಯೊಂದಕ್ಕೆ ಹೋಗಿದ್ದೆವು. ಮುತ್ಯಾನ ಮಗಳು ಹೆರಿಗೆಗೆಂದು ತವರಿಗೆ ಬಂದು ವಾರವಾಗಿತ್ತು. ಹೆರಿಗೆ ಕಷ್ಟದ್ದಾಗಿ ತುಂಬ ಬಳಲಿದ್ದಳು. ಬಳಲಿದ ಮೈಗೆ ಕೊರಮೀನಿನ ಸಾರು ಶಕ್ತಿ ಕೊಡುತ್ತದೆಂಬ ನಂಬಿಕೆ ಈ ಕಡೆ ಬಲವಾಗಿದೆ. ಪೇಟೆಯ ಬೆಲೆಗೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ನಾನು ಕೊಡಿಸುತ್ತೇನೆಂದರೆ ಒಪ್ಪುವ ಮನುಷ್ಯರೂ ಅವರಲ್ಲ. ಹೊತ್ತೇರಿದರೂ ಒಂದು ಮೀನು ಎರಗಿರಲಿಲ್ಲ. ಅಷ್ಟರಲ್ಲಿ ಜೊಂಡಿನ ತೆರಪೊಂದರಲ್ಲಿ ನೀರು ಅನ್ನದ ಎಸರಿನಂತೆ ಸಣ್ಣಗೆ ಕುದಿಯುವುದು ಕಾಣಿಸಿತು. ಹತ್ತಿರ ಹೋಗಿ ನೋಡಿದರೆ ನೂರಾರು ಕೆಂಪು ಮರಿಗಳು ಒಟ್ಟಾಗಿ ಉಸಿರಿಗೆಂದು ಮೇಲೆ ಬರುತ್ತಿದ್ದವು. ಅವುಗಳ ಕೆಳಗೆ, ಕಂಬದಂತೆ ನಿಂತಿದ್ದ ಕಪ್ಪು ನೆರಳು.

ಓದುಗರು ಇಲ್ಲಿ ಒಂದು ಸಂಗತಿಯನ್ನು ತಿಳಿಯಬೇಕು. ಕೊರವ ತನ್ನ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವ ಮೀನು. ಮರಿಗಳ ಮೇಲೆ ಏನು ಸುಳಿದರೂ ಸುಮ್ಮನಿರುವುದಿಲ್ಲ, ಹಸಿವಿಲ್ಲದಿದ್ದರೂ ಎರಗುತ್ತದೆ. ಜೊಂಡಿನಲ್ಲಿ ಅದನ್ನು ಹಿಡಿಯಲು ಇದಕ್ಕಿಂತ ಖಂಡಿತವಾದ ಉಪಾಯವಿಲ್ಲ. ಎಣಿಸಿ ಕಾಯಬೇಕಾಗಿಲ್ಲ, ಸದ್ದು ಕೇಳಬೇಕಾಗಿಲ್ಲ. ಕೆಂಪಿನ ಮೇಲೆ ಕಪ್ಪೆಯನ್ನು ಎರಡು ಸಲ ಎಳೆದರೆ ಸಾಕು. ಹಿಡಿದವನಿಗೆ ಒಂದು ಮೀನು ಸಿಕ್ಕುತ್ತದೆ; ಕಾವಲು ತಪ್ಪಿದ ಮರಿಗಳು ಸುತ್ತಲಿನ ಮೀನುಗಳಿಗೂ ಹಕ್ಕಿಗಳಿಗೂ ತುತ್ತಾಗುತ್ತವೆ.

ನಾನು ಮುತ್ಯಾನ ಮುಖ ನೋಡಿದೆ. ಎರಡು ಕಿಲೋಗೆ ಕಡಿಮೆಯಿಲ್ಲದ ಮೀನು, ಗಳದ ತುದಿ ತಲುಪುವಷ್ಟು ಹತ್ತಿರ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ದಾರವನ್ನು ಗಳಕ್ಕೆ ಸುತ್ತತೊಡಗಿದರು.

"ಯಾಕೆ ಮುತ್ಯಾ, ಹಾಕುವುದಿಲ್ಲವೆ?"

"ನಮ್ಮ ಮನ್ಯಾಗ ಬಾಣಂತಿ ಅದಾಳ್ರಿ ಸರ. ಇಲ್ಲೀನೂ ಬಾಣಂತನಾನ ನಡದದ."

ಅಷ್ಟೇ ಮಾತು. ಕೆರೆಯ ಇನ್ನೊಂದು ಮಗ್ಗುಲಿಗೆ ನಡೆದೆವು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ತಾವರೆ ಎಲೆಗಳ ಅಂಚಿನಲ್ಲಿ ಮುಕ್ಕಾಲು ಕಿಲೋದ ಒಂದು ಕೊರವ ಎರಗಿತು. ಮುತ್ಯಾ ಮೂರು ಎಣಿಸಿ ಎತ್ತಿದರು. ಮಗಳ ಸಾರಿಗೆ ಅಷ್ಟು ಸಾಕೆಂದು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೊರಟರು.

ಹಸಿವಿನ ಮೇಲೆ ಗಾಳ ಹಾಕುವುದು ಬೇಟೆ. ಅಕ್ಕರೆಯ ಮೇಲೆ ಹಾಕುವುದು ಬೇಟೆಯಲ್ಲ. ಈ ಗೆರೆಯನ್ನು ಯಾವ ಕಾನೂನು ಪುಸ್ತಕವೂ ಮುತ್ಯಾನಿಗೆ ತೋರಿಸಿರಲಿಲ್ಲ. ಕೆರೆ ಮುಂದಿನ ವರ್ಷವೂ ಬೇಕಾದವನಿಗೆ ಅದು ತಾನಾಗಿ ತಿಳಿಯುತ್ತದೆಂದು ತೋರುತ್ತದೆ. ನೀರು ಬದಲಾದರೆ ನ್ಯಾಯವೂ ಬದಲಾಗುತ್ತದೆಂಬುದು ನಿಜ. 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಕ್ರಾಫ್ಟನ್ ಎಂಬಲ್ಲಿ ಕೊರವದ ಕುಲದ ಒಂದು ಪರದೇಶಿ ಮೀನು ಕೊಳದಲ್ಲಿ ಮರಿ ಮಾಡಿರುವುದು ಕಂಡಾಗ, ಅಧಿಕಾರಿಗಳು ಕೊಳಕ್ಕೆ ವಿಷವಿಕ್ಕಿ ಅದನ್ನು ನಿರ್ಮೂಲ ಮಾಡಿದರು. ಅಲ್ಲಿಯ ಮೀನುಗಳಿಗೆ ಅದು ಶತ್ರು. ಆದರೆ ಇಲ್ಲಿ ಅದು ಮನೆಯ ಮಗ. ತೆಲಂಗಾಣದವರಂತೂ ಕೊರಮೀನಿಗೆ ರಾಜ್ಯದ ಮೀನೆಂಬ ಪಟ್ಟವನ್ನೇ ಕಟ್ಟಿದ್ದಾರೆ.

ಈ ಹವ್ಯಾಸಕ್ಕೆ ಮನಸ್ಸು ಮಾಡುವ ಗೃಹಸ್ಥರಿಗೆ ಕೊನೆಯದಾಗಿ ಒಂದೆರಡು ಮಾತು. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆ ಹಿಡಿದವರದು ಅಥವಾ ಮೀನುಗಾರರ ಸಹಕಾರ ಸಂಘದ್ದು. ಅವರನ್ನು ಕೇಳಿಯೇ ಗಾಳ ಹಾಕಿರಿ. ಗಾಳ ಸಿಕ್ಕಿಕೊಂಡಿತೆಂದು ಜೊಂಡಿನೊಳಕ್ಕೆ ಇಳಿಯಬೇಡಿ. ಈಜು ಬಲ್ಲವರ ಕಾಲನ್ನೂ ಅದು ಹಿಡಿದುಕೊಳ್ಳುತ್ತದೆ, ರಬ್ಬರು ಕಪ್ಪೆ ಇನ್ನೊಂದು ಸಿಕ್ಕೀತು. ಹರಿದ ದಾರವನ್ನು ದಡದಲ್ಲಿ ಬಿಟ್ಟರೆ ಹಕ್ಕಿಗಳ ಕಾಲಿಗೆ ಉರುಲಾಗುತ್ತದೆ, ಸುತ್ತಿ ಜೇಬಿನಲ್ಲಿಡಿ. ಬೋನಾಳಕ್ಕೆ ಹೋಗುವುದಾದರೆ ಕೋಲನ್ನು ಮನೆಯಲ್ಲಿಯೇ ಬಿಟ್ಟು ದುರ್ಬೀನನ್ನು ಒಯ್ಯಿರಿ, ಅದು ಪಕ್ಷಿಧಾಮ. ಮಳೆಗಾಲದಲ್ಲಿ ಜೊಂಡಿನ ನಡುವೆ ನೀರು ಕೆಂಪಾಗಿ ಕುದಿಯುವುದು ಕಂಡರೆ ಮಕ್ಕಳನ್ನು ಹತ್ತಿರ ಕರೆದು ತೋರಿಸಿ, ಸದ್ದಿಲ್ಲದೆ ಮುಂದಿನ ತೆರಪಿಗೆ ನಡೆಯಿರಿ.