ಮಾಳಿಗೆಗೆ ಹೋಗುತ್ತಿದ್ದ ಸವಳು

ನಮ್ಮ ಹಿರೋಳ್ಳಿ ಕಡೆ ಮಣ್ಣಿನ ಮಾಳಿಗೆಗೆ ಮಿರಗದ ಮಳೆಗಿಂತ ಮೊದಲು ಸವಳು, ಅಂದರೆ ಉಪ್ಪುಮಣ್ಣು, ಹಾಕದಿದ್ದರೆ ಮನೆ ತುಂಬ ಸೋರುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಅದನ್ನು ತರಲು ಹಳ್ಳದ ದಂಡೆಯ ತಗ್ಗಿಗೆ ಬಂಡಿ ಹೂಡುತ್ತಿದ್ದರು. ಮುತ್ಯಾ ನಸುಕಿನಲ್ಲೇ ಎಬ್ಬಿಸುತ್ತಿದ್ದ: “ಬಿಸಿಲ ಏರೂದ್ರಾಗ ನಡೀರಿ, ಆಮ್ಯಾಲ ಹಿಟ್ಟಾಗಿ ಹಾರ್ತದ.” ಬೆಳಗ್ಗೆ ನೆಲದ ಮೇಲಿನ ಉಪ್ಪಿನ ಪಕ್ಕು ತುಸು ಹಸಿಯಾಗಿ ಕಾಲಿಗೆ ಅಂಟುತ್ತಿತ್ತು. ಮಧ್ಯಾಹ್ನ ಅದೇ ನೆಲ ಬೆಳ್ಳಗೆ ಉಬ್ಬಿ, ಕಾಲಿಟ್ಟಲ್ಲಿ ಕುಸಿಯುತ್ತಿತ್ತು.

ಮುತ್ಯಾನ ಮಾತಿನ ಒಳಗುಟ್ಟು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಮಳೆಗಾಲದಲ್ಲಿ ಉಪ್ಪು ಕರಗಿ ಕೆಳಗಿಳಿಯುತ್ತದೆ. ಬಿಸಿಲು ಬಿದ್ದಂತೆ ತೇವ ಎರಿಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲೇರಿ, ಆರಿ, ಉಪ್ಪನ್ನು ನೆತ್ತಿಯ ಮೇಲೆ ಬಿಟ್ಟುಹೋಗುತ್ತದೆ. ಆ ಉಪ್ಪಿನಲ್ಲಿ ಸೋಡಿಯಂ ಸಲ್ಫೇಟ್ ಇದ್ದರೆ ತಂಪಿನಲ್ಲಿ ಅದರ ಹರಳು ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸುಮಾರು 32 ಡಿಗ್ರಿ ದಾಟಿದರೆ ಆ ನೀರನ್ನು ಬಿಟ್ಟು ಪುಡಿಯಾಗುತ್ತದೆ.

ಮಾಳಿಗೆ ಸೋರದಂತೆ ಕಾಯುತ್ತಿದ್ದುದೂ ಸೋಡಿಯಮ್ಮೇ. ನೆನೆದಾಗ ಮಣ್ಣಿನ ಕಣಗಳು ಬಿಡಿಬಿಡಿಯಾಗಿ, ಹಿಗ್ಗಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಇಂಗದೆ ಜಾರಿ ಹೋಗುತ್ತದೆ. ಹೊಲದಲ್ಲಾದರೆ ಇದೇ ಗುಣ ಬೇರಿನ ಉಸಿರು ಕಟ್ಟುತ್ತದೆ.

ಅಗಸರೂ ಬಟ್ಟೆ ಒಗೆಯಲು ಈ ಮಣ್ಣನ್ನೇ ಒಯ್ಯುತ್ತಿದ್ದರು. ಸೋಡಾ ಪುಡಿ ಬಂತು, ಬಿಟ್ಟರು. ತಗಡು, ಆಮೇಲೆ ಸಿಮೆಂಟಿನ ಛತ್ತು ಬಂದವು. ಸವಳಿನ ಬಂಡಿಗಳು ನಿಂತೇ ಹೋದವು. ವರ್ಷಕ್ಕೊಮ್ಮೆ ಸಲಿಕೆ ಹಿಡಿದು ಆ ನೆಲವನ್ನು ಕಣ್ಣಾರೆ ನೋಡುತ್ತಿದ್ದವರ ತಿಳಿವಳಿಕೆಯೂ ಅವುಗಳ ಹಿಂದೆಯೇ ಹೋಯಿತು. ನನಗೆ ಹೆಚ್ಚು ನೋವಾಗುವುದು ಇದಕ್ಕೇ.

ಏಕೆಂದರೆ ಸವಳು ಈಗ ಬೆಳೆಯುವ ಹೊಲಕ್ಕೇ ಬಂದಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಎಡದಂಡೆ ಕಾಲುವೆಯ ನೀರು ಹರಿದ ಶಹಾಪುರ, ಸುರಪುರದ ಎರಿಹೊಲಗಳಲ್ಲಿ ಬಸಿಯಲು ದಾರಿ ಇಲ್ಲದೆ ಅಂತರ್ಜಲ ಮೇಲೆ ಬಂತು, ಜೊತೆಗೆ ಉಪ್ಪೂ ಬಂತು. ಅದೇ ಕಾಲುವೆಯ ಕವಲು ಜೇವರ್ಗಿಗೂ ಬರುತ್ತದೆ.

ಜೇವರ್ಗಿಯ ರೈತಬಾಂಧವರೇ, ಬೇಸಿಗೆಯಲ್ಲಿ ಹೊಲ ಬೆಳ್ಳಗಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಜಿಪ್ಸಂ ಸೋಡಿಯಂ ಹೆಚ್ಚಿರುವ ನೆಲಕ್ಕೆ ಮದ್ದು, ಎಲ್ಲ ಸವಳಿಗೂ ಅಲ್ಲ. ಯಾವ ಸವಳಾದರೂ ಬಸಿಗಾಲುವೆ ತೆಗೆಯದೆ ಉಪ್ಪು ಹೊಲ ಬಿಟ್ಟು ಹೋಗುವುದಿಲ್ಲ.